ಜೇಡದ ಬಾಣಂತನ

ನನ್ನ ಕೂಸು ಹೊಟ್ಟೆಯಲ್ಲೇ ತೀರಿಕೊಂಡ ವರ್ಷ, ಗಂಡ ಸಾಕಿದ್ದ ಜೇಡ ಪೊರೆ ಬಿಟ್ಟಿತು. ಅಂಗೈ ಅಗಲದ, ಮೈತುಂಬ ಕೂದಲಿನ ಟರಾಂಟುಲಾ. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ಟಿವಿ ಪಕ್ಕದ ಗಾಜಿನ ಪೆಟ್ಟಿಗೆಯೇ ಅದರ ಅರಮನೆ. ಬಂದವರಿಗೆಲ್ಲ ಗಂಡ ಮೊದಲು ಅದನ್ನು ತೋರಿಸುತ್ತಿದ್ದ, ಆಮೇಲೆ ನನ್ನನ್ನು.

ಪೊರೆ ಬಿಡುವ ಮುಂಚೆಯೇ ಅದು ಊಟ ಬಿಟ್ಟಿತ್ತು. ಅಂಗಾತ ಬಿದ್ದು, ಹಳೆಯ ಚರ್ಮದಿಂದ ಕಾಲುಗಳನ್ನು ಎಳೆದುಕೊಂಡು ಹೊರಬಂದಾಗ ಮೈ ಮೆತ್ತಗಿತ್ತು, ಕೋರೆಹಲ್ಲು ಬೆಳ್ಳಗಿದ್ದವು. ಆ ಹಲ್ಲು ಗಟ್ಟಿಯಾಗಿ ಕಪ್ಪಾಗುವವರೆಗೆ ಏನೂ ಕೊಡಬಾರದು ಎಂದು ಹೇಳಿ ಗಂಡ ಆಫೀಸಿಗೆ ಹೋದ. ನೀರಿನ ಬಟ್ಟಲು ತುಂಬಿಸುವುದು, ಹಲ್ಲು ನೋಡುವುದು ನನ್ನ ಪಾಲಿಗೆ ಬಂತು. ನನಗೆ ಬೇರೆ ಕೆಲಸವಿಲ್ಲವಲ್ಲ!

ಅದೇ ವಾರ ಖಾನಾಪುರದಿಂದ ಅತ್ತೆ ಬಂದರು. ಪೆಟ್ಟಿಗೆಯೊಳಗೆ ಇಣುಕಿ ಕರಗಿಹೋದರು.

"ಪಾಪ, ಹಸಿ ಮೈ ಐತಿ, ಬಾಣಂತಿ ಇದ್ದಂಗ. ಗಾಳಿ ತಾಗಬಾರದು. ಹೊಟ್ಟಿಗಿ ಏನರೆ ಬಿದ್ದರ ತ್ರಾಣ ಬರತೈತಿ," ಎಂದು ಪೆಟ್ಟಿಗೆಗೆ ಶಾಲು ಹೊದಿಸಿದರು.

ನನಗೆ ಮೈಯೆಲ್ಲ ಉರಿಯಿತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಾಗ ನನ್ನ ಮೈಯೂ ಹಸಿಯಾಗಿತ್ತು, ಎದೆಯಲ್ಲಿ ಹಾಲು ಕಟ್ಟಿತ್ತು. "ಕೂಸ ಇಲ್ಲಂದ ಮ್ಯಾಲ ಬಾಣಂತನ ಎಲ್ಲಿದು?" ಎಂದು, ನನಗಾಗಿ ಕಟ್ಟಿಟ್ಟಿದ್ದ ಅಂಟಿನುಂಡಿಯನ್ನೆಲ್ಲ ಇದೇ ಅತ್ತೆ ನಾದಿನಿಯ ಮನೆಗೆ ಕಳಿಸಿದ್ದರು. ಮರುದಿನದಿಂದ ರೊಟ್ಟಿ ಬಡಿದವಳು ನಾನೇ.

ನಾನು ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಾಗ ಅತ್ತೆ, ಡಬ್ಬಿಯಲ್ಲಿದ್ದ ಜೀವಂತ ಮಿಡತೆಯೊಂದನ್ನು ಜೇಡದ ಊಟಕ್ಕೆಂದು ಒಳಗೆ ಬಿಟ್ಟರು. ಇಳಿದು ಬಂದು ನೋಡಿದರೆ ಮಿಡತೆಯೇ ಜೇಡದ ಮೆತ್ತನೆಯ ಹೊಟ್ಟೆ ಹತ್ತಿ ಕಡಿಯುತ್ತಿತ್ತು. ಇಕ್ಕಳದಿಂದ ಕಿತ್ತು ತೆಗೆದೆ. ಸಂಜೆ ಗಂಡ ತಾಯಿಗೆ ಒಂದು ಮಾತೂ ಅನ್ನದೆ ನನ್ನ ಮೇಲೆ ಹರಿಹಾಯ್ದ.

"ಮನ್ಯಾಗ ಕುಂತು ಏನ್ ಮಾಡಾಕತ್ತಿದ್ದಿ ನೀ? ಅದು ಸತ್ತಿದ್ದರ?"

ಅತ್ತೆ ಊರಿಗೆ ಮರಳಿದರು. ಗಂಡ ದಿನಾ ಆಫೀಸಿನಿಂದ ಫೋನ್ ಮಾಡಿ "ಉಂಡೈತೇನು?" ಎಂದು ಕೇಳುತ್ತಿದ್ದ. ಹಲ್ಲು ಕೆಂಪಾಗಿ, ಆಮೇಲೆ ಕಪ್ಪಾದ ಮೇಲೆ ಒಂದು ಸಣ್ಣ ಮಿಡತೆಯ ತಲೆ ಜಜ್ಜಿ, ಇಕ್ಕಳದಲ್ಲಿ ಹಿಡಿದು ಜೇಡದ ಮುಂದೆ ಆಡಿಸಿದೆ. ಹಿಂದೆ ಸರಿಯಿತು. ಭಾನುವಾರ ಗಂಡನ ಎದುರೇ ಮತ್ತೆ ಹಿಡಿದೆ, ಗಬಕ್ಕನೆ ಕಸಿದುಕೊಂಡಿತು. ಸುಳ್ಳೇಕೆ, ನನಗೂ ಸಂತೋಷವಾಯಿತು. ಆ ಮೂಕಪ್ರಾಣಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಗಂಡ ಕುಣಿದಾಡಿ ಖಾನಾಪುರಕ್ಕೆ ಫೋನ್ ಹಚ್ಚಿದ. "ಅವ್ವಾ, ಉಂಡೈತಿ!"

"ದೇವ್ರು ದೊಡ್ಡಾವ ಬಿಡಪಾ," ಎಂದು ಅತ್ತೆ ಹೇಳಿದ್ದು ನನಗೂ ಕೇಳಿಸಿತು. ಅವನು ಫೋನ್ ಇಟ್ಟ ಮೇಲೆ ಕೇಳಿಯೇಬಿಟ್ಟೆ.

"ನಾ ಉಂಡೀನೋ ಇಲ್ಲೋ ಅಂತ ಆಗ ಯಾರರೆ ಕೇಳಿದ್ರೇನ್ರಿ?"

ಅವನು ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದ.

"ಯಾವಾಗ?" ಎಂದ.