ಎಂಟು ಸಾವಿರ ಕಿಲೋಮೀಟರಿನ ಜವರಣ್ಣ

ಜವರಣ್ಣನ ಶೆಡ್ಡಿನ ಮುಂದೆ ಒಂದು ಕಡ್ಡಿ ತೂಗುತ್ತಿತ್ತು. ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ಬ್ಯಾರನ್ ಗೂಡಿಗೆ ಏರಿಸುವ ಮುಂಚೆ ಹೆಂಗಸರು ಎಲೆ ಕಟ್ಟುತ್ತಾರಲ್ಲ, ಅಂಥದ್ದೇ ಕಡ್ಡಿ. ಆದರೆ ಸೊಪ್ಪಿನ ಬದಲು ಅದರಲ್ಲಿ ಅಂಗೈಯಗಲದ ಕಾಗದಗಳಿದ್ದವು. ಒಂದೊಂದರ ನಡುವೆ ಒಂದು ಕಪ್ಪು ಬೊಟ್ಟು, ಬೊಟ್ಟಿನ ಸುತ್ತ ಬಳೆಯ ಹಾಗೆ ಹರಡಿದ ಕಂದು, ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಅಂಕಿ. ಕೋಟೆ ಕಡೆಯ ಹೆಂಗಸೊಬ್ಬಳು ಜೀಪಿಗೆ ಕಾಯುತ್ತ ನಿಂತವಳು ಅದನ್ನು ನೋಡಿ, ಸೆರಗು ಸರಿಮಾಡಿಕೊಂಡು, "ಸ್ವಾಮಿ, ನನ್ ಮಗು ನಿದ್ದೇಲಿ ಬೆಚ್ಚಿ ಬೀಳ್ತದೆ. ನಮಗೂ ಒಂದು ಬರ್ಕೊಡಿ" ಎಂದು ಕೈ ಮುಗಿದಿದ್ದಳು.

ಜವರಣ್ಣ ನಗಲಿಲ್ಲ. "ಇದು ಇಂಜಿನ್‌ಗೆ ಕಟ್ಟಿರೋ ಚೀಟಿ ಕಣವ್ವ. ಮಗೀಗೆ ಡಾಕ್ಟ್ರೇ ಆಗ್ಬೇಕು" ಎಂದು ಅವಳನ್ನು ಜೀಪಿಗೆ ಹತ್ತಿಸಿಕೊಂಡು ಹುಣಸೂರಿನ ಆಸ್ಪತ್ರೆಯ ಬಾಗಿಲವರೆಗೂ ಬಿಟ್ಟು ಬಂದರು. ನಾನು ಆ ಹೆಂಗಸಿನ ದನಿ ಮಾಡಿ ತೋರಿಸಿ ಒಂದು ವಾರ ಜೀಪ್ ಸ್ಟ್ಯಾಂಡಿನಲ್ಲಿ ಪುಕ್ಕಟೆ ಟೀ ಕುಡಿದೆ. ನಮ್ಮಿಬ್ಬರಿಗೂ ಇದ್ದ ವ್ಯತ್ಯಾಸ ಇಷ್ಟೇ.

ಆಗ ನಾನು ಹುಣಸೂರು–ಹನಗೋಡು ಲೈನಿನಲ್ಲಿ ಬೇರೆಯವರ ಜೀಪು ಓಡಿಸುತ್ತಿದ್ದೆ. ಪಿಯುಸಿ ಎರಡು ಸಲ ಫೇಲು. ಇದ್ದ ಬಂಡವಾಳ ಗಂಟಲೊಂದೇ. ಚೆಕಿಂಗಿಗೆ ಬರುವ ಸಾಹೇಬರು, ಸೊಪ್ಪು ಹರಾಜು ಕೂಗುವವರು, ನೆಗಡಿಯಾದ ನಮ್ಮಪ್ಪ, ಹತ್ತುವ ದಾರಿಯಲ್ಲಿ ಏದುಸಿರು ಬಿಡುವ ಟೆಂಪೋ, ಯಾರ ದನಿ ಬೇಕಾದರೂ ಬರುತ್ತಿತ್ತು, ನನ್ನದೊಂದನ್ನು ಬಿಟ್ಟು. ಹುಡುಗಿ ನೋಡಲು ಹೋದಾಗಲೂ ಭಾವೀ ಮಾವನ ದನಿಯಲ್ಲೇ ಉತ್ತರ ಕೊಟ್ಟು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಬಂದವನು.

ಜವರಣ್ಣನೂ ಅದೇ ಲೈನಿನವರು. ಒಂದು ಹಳೇ ಡೀಸೆಲ್ ಜೀಪು, ಅದನ್ನು ತಾವೇ ಓಡಿಸುವುದು, ತಾವೇ ಬಿಚ್ಚುವುದು. ಚಿಕ್ಕ ವಯಸ್ಸಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸ ಮಾಡಿದ್ದರಂತೆ. ಆ ಅಭ್ಯಾಸ ಬೆರಳಿಗೆ ಅಂಟಿಕೊಂಡಿತ್ತು. ಯಾರ ಗಾಡಿಯ ಎಣ್ಣೆಯನ್ನಾದರೂ ಹೆಬ್ಬೆಟ್ಟು ತೋರುಬೆರಳಿನ ನಡುವೆ ಉಜ್ಜಿ, ಮೂಸಿ, "ಊಂ" ಅನ್ನುತ್ತಿದ್ದರು. ಆ "ಊಂ" ಆಗುವ ತನಕ ಡ್ರೈವರುಗಳು ಉಸಿರಾಡುತ್ತಿರಲಿಲ್ಲ. ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ, ಅತ್ತ ಸರಗೂರಿನಿಂದಲೂ ಗಾಡಿ ತರುತ್ತಿದ್ದರು. ಎಣ್ಣೆ ಕಪ್ಪಾಯಿತು ಅಂತ ಚೆಲ್ಲಲು ಹೊರಟವರಿಗೆ ಒಂದೇ ಬೈಗುಳ: "ಬಣ್ಣ ನೋಡಕ್ಕೆ ಅದೇನು ಸೊಪ್ಪೇನ್ಲಾ? ಕಪ್ಪಾಗ್ದಿದ್ರೆ ಅದು ಕೆಲ್ಸ ಮಾಡ್ನಿಲ್ಲ ಅಂತ. ಸೊಪ್ಪಿಗೆ ಬಣ್ಣ ನೋಡು, ಎಣ್ಣೆಗೆ ಅಂಚು ನೋಡು."

ಒಂದು ದಿನ ಮೈಸೂರಿನಿಂದ ಟೈ ಕಟ್ಟಿದ ಹುಡುಗನೊಬ್ಬ ಕ್ಯಾನು ಹಿಡಿದು ಸ್ಟ್ಯಾಂಡಿಗೆ ಬಂದ.

"ಸಿಂಥೆಟಿಕ್ ಆಯಿಲ್ ಸಾರ್. ಒಂದು ಸಲ ಹಾಕಿದ್ರೆ ಹದಿನೈದು ಸಾವಿರ ಕಿಲೋಮೀಟರ್ ತಿರುಗಿ ನೋಡಂಗಿಲ್ಲ."

ನಾವೆಲ್ಲ ಐದು ಸಾವಿರಕ್ಕೇ ಎಣ್ಣೆ ಇಳಿಸುತ್ತಿದ್ದವರು. ಹೋ ಎಂದು ನಕ್ಕೆವು. ಜವರಣ್ಣ ಮಾತ್ರ ಕೇಳಿದರು: "ನಮ್ ರೋಡು ನೋಡಿದ್ದೀರಾ?"

"ಇಂಜಿನ್ ಒಳಗೆ ರೋಡಿಲ್ಲವಲ್ಲ ಸಾರ್" ಅಂದ ಹುಡುಗ.

"ಅದೂ ಸರಿ" ಎಂದು ಜವರಣ್ಣ ಕ್ಯಾನು ತೆಗೆದುಕೊಂಡೇ ಬಿಟ್ಟರು. ನಾನು ಆ ಹುಡುಗನ ದನಿಯಲ್ಲಿ "ನಂಬಿಬಿಟ್ರಾ ಸಾರ್?" ಅಂದೆ. "ನಂಬೋದೂ ಸುಲಭ, ನಂಬ್ದೇ ಇರೋದೂ ಸುಲಭ. ನೋಡೋದ್ ಕಷ್ಟ ಕಣ್ಲಾ" ಅಂದರು.

ಹೀಗೆ ಪರೀಕ್ಷೆ ಶುರುವಾಯಿತು. ಅವರ ಹೆಂಡತಿ ಪುಟ್ಟಕ್ಕ ಮೊದಲ ದಿನವೇ ಹೇಳಿದ್ದರು: "ಮನೇಗಿರೋದು ಒಂದು ಜೀಪು. ಅದರ ಹೊಟ್ಟೆ ಕೆಡಿಸಿ ನೋಡ್ಬೇಕಾ ನೀವು?" ಅದು ಸುಮ್ಮನೆ ಆಡಿದ ಮಾತಲ್ಲ. ಇಂಜಿನ್ ಹೋದರೆ ಮನೆಯ ಅನ್ನವೇ ಹೋಗುತ್ತಿತ್ತು. ಅದಕ್ಕಿಂತ ದೊಡ್ಡದು, ಜವರಣ್ಣ ಏನು ಹೇಳುತ್ತಾರೋ ಅದನ್ನೇ ಮಾಡಲು ನಾಲ್ಕು ತಾಲ್ಲೂಕಿನ ಡ್ರೈವರುಗಳು ಕಾಯುತ್ತಿದ್ದರು. ಅವರದೂ ಒಂದೊಂದೇ ಇಂಜಿನ್ನು.

ಐನೂರು ಕಿಲೋಮೀಟರಿಗೊಮ್ಮೆ ಬಿಸಿ ಇಂಜಿನ್ನಿನಿಂದ ಅಳತೆ ಕಡ್ಡಿ ಎಳೆದು, ಕಾಗದದ ಮೇಲೆ ಒಂದು ತೊಟ್ಟು ಬಿಡುತ್ತಿದ್ದರು. ಕಾಗದ ಹುಡುಕಿದ್ದೇ ಒಂದು ಕಥೆ. "ನ್ಯೂಸ್ ಪೇಪರ್ರು ಕುಡ್ದು ಬಿದ್ದೋಯ್ತದೆ. ಲಗ್ನಪತ್ರಿಕೆ ಒಂದ್ ತೊಟ್ಟೂ ಮುಟ್ಟಲ್ಲ." ಕೊನೆಗೆ ಬ್ಲಾಟಿಂಗ್ ಪೇಪರಿಗೆ ಬಂದು ನಿಂತರು. ತೊಟ್ಟು ಮೆಲ್ಲಗೆ ಹರಡಿ ಅಂಚು ಮಬ್ಬಾದರೆ ಎಣ್ಣೆಗೆ ಇನ್ನೂ ಜೀವ ಇದೆ. ಕಪ್ಪು ನಡುವೆಯೇ ಗುಡ್ಡೆಯಾಗಿ ಅಂಚು ಗೆರೆ ಕೊಯ್ದ ಹಾಗೆ ನಿಂತರೆ ಮುಗಿಯಿತು. ಇದಲ್ಲದೆ ಎಣ್ಣೆ ತೆಳ್ಳಗಾಯಿತೇ ಎಂದು ನೋಡಲು ಕಿಟಕಿಯ ಗಾಜೊಂದನ್ನು ಓರೆಯಾಗಿ ಹಿಡಿದು, ಹೊಸ ಎಣ್ಣೆಗೂ ಹಳೆ ಎಣ್ಣೆಗೂ ಓಟದ ಪಂದ್ಯ ಕಟ್ಟುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಕಾಮೆಂಟರಿ ಹೇಳುತ್ತಿದ್ದೆ.

ಮೂರನೆಯ ಪರೀಕ್ಷೆ ನಾನೇ. ಹೊಸ ಎಣ್ಣೆ ಹಾಕಿದ ದಿನ ಜವರಣ್ಣ ನನ್ನನ್ನು ಬಾನೆಟ್ಟಿನ ಪಕ್ಕ ನಿಲ್ಲಿಸಿ, "ಈ ಸದ್ದು ಗಂಟ್ಲಲ್ಲಿ ಇಟ್ಕೊ. ಕೇಳಿದಾಗೆಲ್ಲ ಮಾಡ್ಬೇಕು" ಅಂದರು.

"ಟೇಪ್ ರೆಕಾರ್ಡರ್ ತನ್ನಿ ಜವರಣ್ಣ."

"ಅದಕ್ಕೆ ಸೆಲ್ಲು ಹಾಕ್ಬೇಕು. ನಿನಗೆ ಟೀ ಹಾಕಿದ್ರೆ ಸಾಕು."

ಅಂದಿನಿಂದ ನನ್ನ ಹೆಸರು ಟೇಪು. ಸಾವಿರ ಕಿಲೋಮೀಟರಿಗೊಮ್ಮೆ, "ಲೇ ಟೇಪು, ಬಾರ್ಲಾ" ಎಂದು ಕೂಗುವರು. ನಾನು ಮೊದಲ ದಿನದ ಇಂಜಿನ್ ಸದ್ದು ಮಾಡುವುದು, ಅವರು ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಜೀಪು ಸ್ಟಾರ್ಟ್ ಮಾಡಿ ಅದನ್ನೂ ಕೇಳುವುದು. "ಊಂ. ಒಂದೇ ಅದೆ."

ಈ ನಡುವೆ ಎತ್ತಿನ ಗಾಡಿಯ ಕೆಂಚಜ್ಜನ ಗೋಳು ಬೇರೆ. ಜೀಪಿನಿಂದ ಇಳಿಸಿದ ಹಳೆ ಎಣ್ಣೆ ಯಾವತ್ತೂ ಅವನ ಗಾಡಿಯ ಅಚ್ಚಿಗೆ ಮೀಸಲು. ತಿಂಗಳಿಗೊಮ್ಮೆ ತಗಡಿನ ಡಬ್ಬ ಹಿಡಿದು ಬರುವನು. "ಇನ್ನೂ ಇಳಿಸ್ನಿಲ್ವಾ ಜವರ?"

"ಇಲ್ಲ ಕಣಜ್ಜ, ಎಣ್ಣೆ ಇನ್ನೂ ಚೆನ್ನಾಗದೆ."

"ನಿನ್ನ ಎಣ್ಣೆ ಚೆನ್ನಾಗದೆ ಬುಡು, ನನ್ನ ಗಾಡಿ ಅಳ್ತಾ ಅದೆ."

ಎಂಟು ಸಾವಿರಕ್ಕೆ ತೆಗೆದ ಕಾಗದ ಒಣಗಿದಾಗ ಜವರಣ್ಣ ಅದನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಕಪ್ಪು ಹರಡಿರಲಿಲ್ಲ. ಅಂಚು ಗೆರೆ ಕೊಯ್ದಿತ್ತು. ನನ್ನನ್ನು ಕೂಗಿದರು. ಮಾಡಿದೆ. ಜೀಪು ಸ್ಟಾರ್ಟ್ ಮಾಡಿದರು. ಎರಡೂ ಒಂದೇ. "ಊಂ... ಈ ಸಲದ ಕಾಗದ ಬೇರೆ ಅಂಗಡೀದು" ಎಂದು ಅದನ್ನೂ ಕಡ್ಡಿಗೆ ಕಟ್ಟಿದರು. ಒಂಬತ್ತು ಸಾವಿರದಲ್ಲೂ ಹಾಗೇ ಆಯಿತು. ಕಾಗದ ಒಂದು ಹೇಳುತ್ತಿತ್ತು, ನಾನು ಇನ್ನೊಂದು ಹೇಳುತ್ತಿದ್ದೆ. ಜವರಣ್ಣ ನನ್ನನ್ನು ನಂಬಿದರು. ಹತ್ತು ದಾಟಿದ ಮೇಲೆ, ಕೇಳಿದ ಡ್ರೈವರುಗಳಿಗೆ, "ಹತ್ತರವರ್ಗೂ ಭಯ ಇಲ್ಲ ಕಣ್ರಪ್ಪ" ಅಂದುಬಿಟ್ಟರು. ಅವರನ್ನು ನೋಡಿ ಐದಾರು ಜನ ಮೊದಲೇ ಆ ಎಣ್ಣೆ ಹಾಕಿಕೊಂಡಿದ್ದರು, ಈಗ ಅವರ ಮಾತಿನ ಮೇಲೆ ಓಡಿಸುತ್ತಲೇ ಹೋದರು.

ಹನ್ನೊಂದು ಸಾವಿರ ಆಗುವ ಹೊತ್ತಿಗೆ ಶಿವರಾತ್ರಿ ಹತ್ತಿರ ಬಂದಿತ್ತು. ಮೈಕ್ ಸೆಟ್ಟಿನವನು ಒಂದು ಕ್ಯಾಸೆಟ್ಟು ತಂದು ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹಾಕಿದ. ಹಿಂದಿನ ಗಣೇಶನ ಹಬ್ಬದಲ್ಲಿ ನಾನು ಕೊಟ್ಟ ಮಿಮಿಕ್ರಿ. ಜವರಣ್ಣ ಹೊಸ ಎಣ್ಣೆ ಹಾಕಿದ ವಾರವೇ ಆ ಕಾರ್ಯಕ್ರಮ. ಕ್ಯಾಸೆಟ್ಟಿನಲ್ಲಿ ಮೊದಲು ನಾನು ಜವರಣ್ಣನಾಗಿ ಮಾತಾಡಿದ್ದೆ, ಆಮೇಲೆ ಅವರ ಜೀಪಾಗಿದ್ದೆ. ಸ್ಟ್ಯಾಂಡೆಲ್ಲ ಬಿದ್ದು ಬಿದ್ದು ನಕ್ಕಿತು. ಜವರಣ್ಣನೂ ನಕ್ಕರು. ಜೀಪಿನ ಸದ್ದು ಬಂದಾಗ ಅವರ ನಗು ನಿಂತುಹೋಯಿತು.

"ಇನ್ನೊಂದ್ ಸತಿ ಹಾಕು."

ಮತ್ತೆ ಹಾಕಿದ. ಮೂರನೆಯ ಸಲವೂ ಹಾಕಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ನೀನು ಮಾಡು" ಅಂದರು.

ಮಾಡಿದೆ. ಮಾಡುವಾಗಲೇ ನನಗೂ ಕೇಳಿಸಿತು. ಕ್ಯಾಸೆಟ್ಟಿನ ಜೀಪು ಬೆಣ್ಣೆಯ ಹಾಗೆ ಓಡುತ್ತಿತ್ತು. ನನ್ನ ಗಂಟಲಿನ ಜೀಪಿನಲ್ಲಿ, ಒಳಗೆಲ್ಲೋ, ಸಣ್ಣಗೆ ಟಕ್ ಟಕ್ ಇತ್ತು. ದಿನಾ ಆ ಜೀಪಿನ ಹಿಂದೆಯೇ ಓಡಾಡುತ್ತಿದ್ದವನು ನಾನು. ಅದರ ಸದ್ದು ಒಂದೊಂದು ಕೂದಲೆಳೆ ಕೆಟ್ಟಂತೆ ನನ್ನ ಗಂಟಲೂ ಅದರ ಜೊತೆಗೇ ಕೆಟ್ಟಿತ್ತು. ಮೊದಲ ದಿನದ ಸದ್ದು ಅಂತ ನಾನು ಮಾಡುತ್ತಿದ್ದದ್ದು ನಿನ್ನೆಯ ಸದ್ದನ್ನು. ನಾಲ್ಕು ತಾಲ್ಲೂಕಿಗೆ ದೊಡ್ಡ ಮಿಮಿಕ್ರಿ ಕಲಾವಿದ!

ಜವರಣ್ಣ ಟೀ ಅರ್ಧಕ್ಕೇ ಬಿಟ್ಟು ಶೆಡ್ಡಿಗೆ ನಡೆದರು. ಎಣ್ಣೆ ಇಳಿಸಿ, ಇಂಜಿನ್ನಿನ ಅಡಿ ಬಿಚ್ಚಿ, ಒಳಗಿನ ಒಂದು ಬೇರಿಂಗ್ ಚಿಪ್ಪನ್ನು ಕೈಗೆ ತೆಗೆದುಕೊಂಡು ಉಗುರಿನಲ್ಲಿ ಸವರಿದರು. ಕನ್ನಡಿಯ ಹಾಗಿರಬೇಕಾದ ಚಿಪ್ಪಿನ ಮೇಲೆ ಉಗುರು ಕಿರ್ ಅಂತ ಸಿಕ್ಕಿಕೊಂಡಿತು. ಗೆರೆ ಬಿದ್ದಿತ್ತು.

ಪುಟ್ಟಕ್ಕ ಬಾಗಿಲಲ್ಲಿ ನಿಂತು ನೋಡಿದರು, ಕೈ ಒರೆಸಲು ಒಂದು ಬಟ್ಟೆ ತಂದಿಟ್ಟು ಒಳಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು. ನಾನು, "ಜವರಣ್ಣ, ನನ್ನಿಂದ..." ಅಂದೆ.

"ಕಾಗದ ಹೇಳ್ತಾನೇ ಇತ್ತು ಕಣ್ಲಾ. ಅದರ ಮಾತು ಬುಟ್ಟು ನಿನ್ನ ಮಾತು ಕೇಳ್ದೋನು ನಾನು. ಕಾಗದ ಜೋಕು ಹೇಳಲ್ಲ ನೋಡು, ಅದಕ್ಕೇ ಬೇಜಾರಾಯ್ತು." ಕೈ ಒರೆಸಿಕೊಂಡರು. "ನಮ್ಮದು ಬುಡು, ಹೊಸ ಚಿಪ್ಪು ಹಾಕಿದ್ರೆ ಸರಿಹೋಯ್ತದೆ. ನನ್ ಮಾತು ಕೇಳಿ ಓಡಿಸ್ತಾ ಅವ್ರಲ್ಲ, ಅವರ ಗತಿ?"

ಮಾರನೆಯ ಬೆಳಿಗ್ಗೆ ಚಿಪ್ಪನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ನಾನೂ ಬೆನ್ನು ಹತ್ತಿದೆ. ಅಂದು ಪಿರಿಯಾಪಟ್ಟಣ, ಅಲ್ಲಿಂದ ಕೆ.ಆರ್. ನಗರ. ಮಾರನೆಯ ದಿನ ಸರಗೂರು. ಹೋದಲ್ಲೆಲ್ಲ ಒಂದೇ ಮಾತು: "ಹತ್ತು ಅಂದಿದ್ನಲ್ಲ, ತಪ್ಪು. ನನ್ನ ಕಿವಿ ಮೋಸ ಹೋಯ್ತು. ಇವತ್ತೇ ಎಣ್ಣೆ ಇಳಿಸ್ರಪ್ಪ." ತಾವಾಗಿಯೇ ಊರೂರು ತಿರುಗಿ "ನಾನು ಹೇಳಿದ್ದು ತಪ್ಪು" ಎಂದು ಸಾರಿದ ಮನುಷ್ಯನನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಕೆ.ಆರ್. ನಗರದ ಡ್ರೈವರೊಬ್ಬ ಒಪ್ಪಲಿಲ್ಲ. "ನನ್ದು ಒಂಬತ್ತೂವರೆ ಆಗದೆ, ಚೆನ್ನಾಗೇ ಓಡ್ತದಲ್ಲಣ್ಣ?"

"ನನ್ದೂ ಚೆನ್ನಾಗೇ ಓಡ್ತಿತ್ತು" ಎಂದು ಜವರಣ್ಣ ಚಿಪ್ಪನ್ನು ಅವನ ಅಂಗೈಯಲ್ಲಿಟ್ಟರು. "ಉಗುರಲ್ಲಿ ಸವರು."

ಸವರಿದ. ಹೋಗಿ ಸ್ಪ್ಯಾನರು ತಂದ. ಎಣ್ಣೆ ಇಳಿಯುವಾಗ ಕೇಳಿದ: "ಅಂಗಾದ್ರೆ ಎಷ್ಟಕ್ಕೆ ಬದಲಾಯಿಸ್ಲಿ?"

"ಎಂಟು. ಕಾಗದ ಸಾಕು ಅಂದಿದ್ದು ಅಲ್ಲೇ."

"ಎಂಟರ ಮೇಲೆ?"

"ನಂಗೊತ್ತಿಲ್ಲ."

"ಕಂಪ್ನಿಯೋರು ಹದಿನೈದು ಅಂತಾರಲ್ಲ?"

"ಅವರ ಇಂಜಿನ್‌ಗೆ ಅವರು ನೋಡಿರ್ಬೋದು. ನಾನು ನೋಡಿರೋದು ನನ್ನ ಇಂಜಿನ್ನು, ನಮ್ಮ ಧೂಳು. ಎಂಟರವರ್ಗೂ ಗೊತ್ತು, ಆಮೇಲೆ ಗೊತ್ತಿಲ್ಲ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು ಕಣಪ್ಪ."

ಸರಗೂರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ನಿಮ್ಮ ಕಿವಿ ಮೋಸ ಹೋಯ್ತು ಅಂದ್ರಲ್ಲ, ಹೋಗಿದ್ದು ನನ್ನ ಕಿವಿಯಲ್ವಾ?"

"ನಿನಗಿನ್ನೂ ಮದ್ವೆ ಆಗ್ಬೇಕಲ್ಲ. ಕಿವುಡ ಅಂದ್ರೆ ಹೆಣ್ಣು ಯಾರ್ ಕೊಡ್ತಾರ್ಲಾ?" ಎಂದು ಕಿಟಕಿಯ ಆಚೆ ನೋಡುತ್ತ ಕೂತರು.

ಕೆಂಚಜ್ಜನಿಗೆ ಒಂದು ಡಬ್ಬದ ಬದಲು ಎರಡು ಡಬ್ಬ ಎಣ್ಣೆ ಸಿಕ್ಕಿತು. ಜೀಪಿಗೆ ಹೊಸ ಚಿಪ್ಪು ಬಂತು. ಮೈಕ್ ಸೆಟ್ಟಿನವನನ್ನು ಕಾಡಿ ಆ ಕ್ಯಾಸೆಟ್ಟನ್ನು ಜವರಣ್ಣ ತಾವೇ ಇಟ್ಟುಕೊಂಡರು, ಸ್ಪ್ಯಾನರುಗಳ ಪೆಟ್ಟಿಗೆಯಲ್ಲಿ. "ಇದೂ ಒಂದು ಅಳತೆ ಕಡ್ಡಿ ಕಣ್ಲಾ" ಅನ್ನುತ್ತಿದ್ದರು. ನಾಲ್ಕು ತಾಲ್ಲೂಕಿನಲ್ಲಿ "ಜವರಣ್ಣನ ಎಂಟು" ಅನ್ನುವುದು ಮಾತಾಗಿ ಉಳಿಯಿತು.

ಎರಡು ವರ್ಷದ ಹಿಂದೆ ಬೆಳಿಗ್ಗೆ ಎದೆ ನೋವು ಅಂದವರು ಮಧ್ಯಾಹ್ನಕ್ಕೆ ಇರಲಿಲ್ಲ. ನಾನು ಕೊಪ್ಪಕ್ಕೆ ಬಾಡಿಗೆ ಹೋಗಿದ್ದೆ, ಮುಖ ನೋಡಲು ಮಾತ್ರ ಸಿಕ್ಕಿದರು. ಆಮೇಲೆ ಸ್ಟ್ಯಾಂಡಿನಲ್ಲಿ ಯಾರಿಗೆ ನೆನಪಾದರೂ, "ಲೇ ಟೇಪು, ಜವರಣ್ಣನ್ನ ಒಂಚೂರು ಮಾಡ್ಲಾ" ಅನ್ನುವರು. ಮಾಡುತ್ತಿದ್ದೆ. ಎಲ್ಲರೂ ಮೆಚ್ಚುತ್ತಿದ್ದರು. ಮೊನ್ನೆ ಹಾಗೆ ಮಾಡುವಾಗ ಹಿಂದಿನಿಂದ ಒಂದು ದನಿ ಬಂತು.

"ಅವರು ಅಂಗ್ ಮಾತಾಡ್ತಿರ್ನಿಲ್ಲ ಕಣ್ಲಾ."

ತಿರುಗಿದರೆ ಪುಟ್ಟಕ್ಕ. ಸಂತೆ ಚೀಲ ಹಿಡಿದು ನಿಂತಿದ್ದರು. "ಅವರ 'ಊಂ' ಅಷ್ಟುದ್ದ ಇರ್ನಿಲ್ಲ. ನೀನು ನಗ್ಸಕ್ಕೆ ಎಳೀತಾ ಇದ್ದೀಯ. ಬಾ."

ಜೊತೆಯಲ್ಲಿ ಹೋದೆ. ಶೆಡ್ಡಿನ ಮುಂದೆ ಕಡ್ಡಿ ಇನ್ನೂ ತೂಗುತ್ತಿತ್ತು, ಎಂಟರ ಕಾಗದದ ಅಂಚು ಅವತ್ತಿನ ಹಾಗೇ ಇತ್ತು. ಪುಟ್ಟಕ್ಕ ಪೆಟ್ಟಿಗೆಯಿಂದ ಕ್ಯಾಸೆಟ್ಟು ತೆಗೆದು, ಸೆರಗಿನಲ್ಲಿ ಒರೆಸಿ, ಮನೆಯ ಟೇಪ್ ರೆಕಾರ್ಡರಿಗೆ ಹಾಕಿದರು. ಕ್ಯಾಸೆಟ್ಟಿನೊಳಗಿನ ನಾನು ಜವರಣ್ಣನಾಗಿ, "ಊಂ" ಅಂದೆ. ಗಿಡ್ಡ "ಊಂ". ಪುಟ್ಟಕ್ಕ ಹೇಳಿದ್ದು ನಿಜ. ಮಂದಿ ಗೊಳ್ಳೆಂದರು. ಎಲ್ಲರ ನಗು ಇಳಿದ ಮೇಲೆ, ಆ ಹಬ್ಬದ ಮುಂದಿನ ಸಾಲಿನಿಂದ ಒಂದೇ ಒಂದು ನಗು ಉಳಿದುಕೊಂಡಿತು. ಚಳಿಗಾಲದ ಬೆಳಿಗ್ಗೆ ಎರಡು ಸಲ ಹತ್ತದೆ ಮೂರನೆಯ ಸಲಕ್ಕೆ ಹತ್ತಿಕೊಳ್ಳುವ ಜೀಪಿನಂಥ ನಗು.

ಅದು ನಾನಲ್ಲ. ಜವರಣ್ಣನೇ.

ಅವರ ಮಾತೆಲ್ಲ ಕದ್ದವನು, ಆ ನಗುವನ್ನು ಕದ್ದೇ ಇರಲಿಲ್ಲ. ಅವರು ನಗುವಾಗ ನಾನು ಯಾವತ್ತೂ ನನ್ನ ಮುಂದಿನ ಜೋಕಿನಲ್ಲಿರುತ್ತಿದ್ದೆ. ಈಗಲೂ ಅದನ್ನು ಮಾಡಲು ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ.

ಪುಟ್ಟಕ್ಕ ಕಣ್ಣು ಮುಚ್ಚಿ ಕೂತಿದ್ದರು.

"ಇನ್ನೊಂದ್ ಸತಿ ಹಾಕು" ಅಂದರು.