ಪುರಿ ಭಟ್ಟಿಯ ಇಂಡಸ್ಟ್ರಿ ಮೇಡಂ

ಕಳೆದ ವಾರ ಸಂಜಯನಗರದ ನಾದಿನಿಯ ಮನೆಗೆ ಹೋಗಿದ್ದವಳು, ವಾಪಸ್ ಬರುವಾಗ ಬಸ್‌ಸ್ಟಾಪಿನ ಪಕ್ಕದ ಗಾಡಿಯಲ್ಲಿ ಚುರುಮುರಿ ತೆಗೆದುಕೊಂಡೆ. ಎರಡನೇ ತುತ್ತಿಗೇ ಹಲ್ಲಿಗೆ ಕರಕ್ ಎಂದು ಮರಳಿನ ಕಾಳು ಸಿಕ್ಕಿತು. ಬೇರೆಯವರಾಗಿದ್ದರೆ ಥೂ ಎಂದು ಉಗಿದು ಮುಂದೆ ಹೋಗುತ್ತಿದ್ದರು. ನಾನು ಪುರಿ ಭಟ್ಟಿಯ ಮನೆಗೆ ಸೊಸೆಯಾಗಿ ಬಂದು ತಲೆ ನರೆತವಳು, ಸುಮ್ಮನಿರುತ್ತೇನೆಯೇ? "ಯಾವ ಭಟ್ಟೀದಪ್ಪಾ ಈ ಪುರಿ? ಸರಿಯಾಗಿ ಜರಡಿನೇ ಹಿಡಿದಿಲ್ಲ" ಎಂದು ದಬಾಯಿಸಿದೆ. ಗಾಡಿಯವನು ಈರುಳ್ಳಿ ಹೆಚ್ಚುತ್ತಲೇ, "ತಿನ್ನೋಕ್ ಬಂದಿದ್ದೀರೋ, ಇನ್ಸ್‌ಪೆಕ್ಷನ್‌ಗೆ ಬಂದಿದ್ದೀರೋ ಆಂಟಿ?" ಎಂದ. ಪಕ್ಕದಲ್ಲಿದ್ದವರು ನಕ್ಕರು. ನನಗೆ ಮಾತ್ರ ಆ ಇನ್ಸ್‌ಪೆಕ್ಷನ್ ಎಂಬ ಮಾತು ಕೇಳಿದ್ದೇ ತಡ, ಇಂಡಸ್ಟ್ರಿ ಮೇಡಂ ನೆನಪಾದರು...

ನಮ್ಮದು ಯಲಹಂಕದಿಂದ ಹೆಸರಘಟ್ಟದ ಕಡೆಗೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುವ ಊರು. ಊರು ಅಂದೆನಲ್ಲ, ಈಗ ಅದು ವಾರ್ಡು. ಆಗಿನ್ನೂ ಪಂಚಾಯಿತಿ ಇತ್ತು. ತಾಲ್ಲೂಕಿನ ಕೈಗಾರಿಕೆ ಕಚೇರಿಯಿಂದ ಹಳ್ಳಿಗಳ ಸಣ್ಣಪುಟ್ಟ ಉದ್ಯೋಗಗಳನ್ನು ನೋಡಿಕೊಳ್ಳಲು ಸ್ಕೂಟರಿನಲ್ಲಿ ಒಬ್ಬರು ಬರುತ್ತಿದ್ದರು. ಪಕ್ಕದೂರಿನ ಬಡಗಿಗೆ ಮರ ಕೊಯ್ಯುವ ಮಷೀನು ಕೊಡಿಸಿದ್ದು, ಖೋವಾ ಕಾಯಿಸುವ ಅಣ್ಣತಮ್ಮಂದಿರಿಗೆ ಲೈಸೆನ್ಸು ಮಾಡಿಸಿಕೊಟ್ಟಿದ್ದು, ಹೊಲಿಗೆ ಕಲಿತ ಹುಡುಗಿಯರನ್ನು ಗಾರ್ಮೆಂಟ್ಸಿಗೆ ಸೇರಿಸಿದ್ದು, ಎಲ್ಲ ಅವರೇ. ಜನ ಅವರನ್ನು ಇಂಡಸ್ಟ್ರಿ ಮೇಡಂ ಎಂದೇ ಕರೆಯುತ್ತಿದ್ದರು.

ಹೆಲ್ಮೆಟ್ ತೆಗೆಯುವ ಮೊದಲೇ ಅವರ ಮಾತು ಶುರುವಾಗುತ್ತಿತ್ತು. ಕುರ್ಚಿ ಹಾಕಿದರೆ ಕೂರುವವರಲ್ಲ, ಕೂತರೂ ತುದಿಯಲ್ಲಿ. ಟೀ ಕೊಟ್ಟರೆ ಅರ್ಧ ಕುಡಿದು ಲೋಟ ಎಲ್ಲಿಟ್ಟೆ ಅಂತ ಮರೆಯುವರು. "ಟೆನ್ಶನ್ ಮಾಡ್ಕೋಬೇಡ್ರೀ, ನಾನಿದ್ದೀನಲ್ಲ" ಎನ್ನುವರು. ಹಾಗೆ ಅನ್ನುವಾಗಲೇ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿರುವರು. ನಮ್ಮತ್ತೆ, "ಈವಮ್ಮನ್ನ ನೋಡುದ್ರೆ ನಂಗೇ ಎದೆ ಡವಡವ ಅಂತದೆ ಕಣಮ್ಮಿ, ಧೈರ್ಯ ಯೋಳಾಕ್ ಬತ್ತಾಳೋ, ಎದ್ರುಸಾಕ್ ಬತ್ತಾಳೋ?" ಎನ್ನುತ್ತಿದ್ದರು. ನನಗೂ ಹಾಗೇ ಅನಿಸುತ್ತಿತ್ತು. ಆದರೆ ಆ ವರ್ಷ ಹೆದರುವುದಕ್ಕೆ ಕಾರಣವೂ ಇತ್ತು.

ನಮ್ಮ ಭಟ್ಟಿ ಸೌದೆ, ಹೊಟ್ಟಿನಲ್ಲಿ ಉರಿಯುವಂಥದ್ದು. ದೊಡ್ಡ ಕಬ್ಬಿಣದ ಬಾಂಡ್ಲೆ, ಅದರ ತುಂಬ ಕಾದ ಮರಳು, ಅದರೊಳಗೆ ಉಪ್ಪುನೀರು ಉಣ್ಣಿಸಿದ ಅಕ್ಕಿ. ಮಾವನವರ ಕಾಲದಿಂದ ಅದೇ. ಸುತ್ತ ಅಪಾರ್ಟ್‌ಮೆಂಟು ಎದ್ದ ಮೇಲೆ ಹೊಗೆಯ ಜಗಳ ಶುರುವಾಯಿತು. ಬಾಲ್ಕನಿಯಲ್ಲಿ ಒಣಗಿಸಿದ ಬಟ್ಟೆಗೆ ಬೂದಿ ಬೀಳುತ್ತದೆ, ಮಕ್ಕಳಿಗೆ ಕೆಮ್ಮು ಅಂತ ದೂರು. ಅವರದ್ದೂ ತಪ್ಪಲ್ಲ ಬಿಡಿ, ಹೊಗೆ ಹೊಗೆಯೇ. ಪಂಚಾಯಿತಿಯವರು ಸೌದೆ ಒಲೆ ನಿಲ್ಲಿಸಿ, ಇಲ್ಲವಾದರೆ ಬೀಗ ಹಾಕುತ್ತೇವೆ ಎಂದು ಹೇಳಿಹೋದರು. ಭಟ್ಟಿಯಲ್ಲಿ ಏಳು ಜನ ಹೆಂಗಸರು ಕೆಲಸ ಮಾಡುತ್ತಿದ್ದರು. ಭಟ್ಟಿ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು? ದೂರು ಕೊಟ್ಟವರ ಮನೆಗೇ ಪಾತ್ರೆ ತಿಕ್ಕಲು ಹೋಗಬೇಕು! ನಮ್ಮ ಮನೆಯ ಗತಿಯೂ ಅಷ್ಟೇ.

ಮೇಡಂ ದಾರಿ ತೋರಿಸಿದರು. ಹೊಗೆಯಿಲ್ಲದ, ಗ್ಯಾಸಿನಲ್ಲಿ ಓಡುವ ಮಷೀನು ಹಾಕಿಕೊಳ್ಳಲು ಹಳ್ಳಿ ಉದ್ಯೋಗಗಳಿಗೆ ಸರ್ಕಾರದ ಸಹಾಯ ಇತ್ತು, ಅದರ ಜೊತೆಗೆ ಬ್ಯಾಂಕಿನ ಸಾಲ. ಒಂದೇ ತೊಡಕು. ಅದು ಹಳ್ಳಿಗಳಿಗೆ ಮಾತ್ರ. ನಮ್ಮೂರನ್ನು ಇವತ್ತೋ ನಾಳೆಯೋ ನಗರಕ್ಕೆ ಸೇರಿಸುತ್ತಾರೆ ಎಂಬ ಮಾತು ಎಲ್ಲ ಟೀ ಅಂಗಡಿಗಳಲ್ಲೂ ಓಡಾಡುತ್ತಿತ್ತು. ಸೈಟು ಇದ್ದವರು ಕುಣಿಯುತ್ತಿದ್ದರು, ನಾವು ನಡುಗುತ್ತಿದ್ದೆವು. ಮೇಡಂ ದಿನಕ್ಕೆರಡು ಸಲ ಫೋನ್ ಮಾಡುವರು. "ನಿಮ್ಮೂರು ಹಳ್ಳಿಯಾಗಿರೋದ್ರೊಳಗೆ ಮುಗಿಸ್ಕೊಂಬಿಡೋಣ ಕಣ್ರೀ. ಸಿಟಿ ಆದ್ಮೇಲೆ ನಾನು ಏನೂ ಮಾಡೋಕಾಗಲ್ಲ."

ಅಂತೂ ಸಹಾಯ ಮಂಜೂರು ಮಾಡುವ ಕಮಿಟಿಯವರು ಭಟ್ಟಿ ನೋಡಲು ಬರುವ ದಿನ ಗೊತ್ತಾಯಿತು. ಸುಮ್ಮನೆ ಶೆಡ್ಡು ತೋರಿಸಿ ಹಣ ಹೊಡೆಯುವವರೂ ಇರುತ್ತಾರಲ್ಲ, ಅದಕ್ಕೆ ಕಣ್ಣೆದುರಿಗೇ ಪುರಿ ಮಾಡಿ ತೋರಿಸಬೇಕಂತೆ. ಅದೇನು ಮಹಾ, ದಿನಾ ಮಾಡುವುದೇ ತಾನೇ ಅಂದುಕೊಂಡೆವು.

ನಮ್ಮ ಕಡೆ ಒಂದು ರೂಢಿ. ದೊಡ್ಡವರು ಮನೆಗೆ ಬರುತ್ತಾರೆ ಎಂದರೆ ಮೊದಲು ಸುಣ್ಣ, ಆಮೇಲೆ ಮಿಕ್ಕಿದ್ದು. ಗೋಡೆಗೆ ಸುಣ್ಣ ಬಳಿದೆವು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆವು, ಜರಡಿ, ಡಬ್ಬ, ಮೊರ ಎಲ್ಲ ಫಳಫಳ. ಹಿಂದಿನ ದಿನ ಸಂಜೆ ನಾವು ಹೆಂಗಸರು ಅಡುಗೆಗೆ ಹೋದ ಮೇಲೆ ನಮ್ಮ ಯಜಮಾನರಿಗೂ ಉಮೇದು ಹತ್ತಿತು. ಅವರು ಟೆಂಪೋದಲ್ಲಿ ಅಂಗಡಿಗಳಿಗೆ ಪುರಿ ಹಾಕಿಬರುವವರು. ಜನ್ಮದಲ್ಲಿ ಬಾಂಡ್ಲೆಯ ಹತ್ತಿರ ಸುಳಿದವರಲ್ಲ. ಬಾಂಡ್ಲೆಯೊಳಗಿನ ಕರೀ ಮರಳು ನೋಡಿ, ಸಾಹೇಬರು ಏನಂದುಕೊಂಡಾರು, ಇಷ್ಟು ಕೊಳಕು ಮರಳಿನಲ್ಲಿ ತಿನ್ನುವ ಪದಾರ್ಥ ಮಾಡುತ್ತಾರಾ ಅಂದಾರು ಎಂದು ಯೋಚಿಸಿ, ಅದನ್ನೆಲ್ಲ ಬಾಚಿ ಹೊರಗೆ ಹಾಕಿಬಿಟ್ಟರು. ಸುಮ್ಮನೆ ಹಾಕಲೂ ಇಲ್ಲ, ಜೀಪು ಕುಲುಕಬಾರದು ಅಂತ ಗೇಟಿನ ಮುಂದಿನ ಹಳ್ಳಕ್ಕೆ ತುಂಬಿಸಿದರು. ಪಕ್ಕದ ಕಟ್ಟಡದವರನ್ನು ಕೇಳಿ ಹೊಸ ಎಂ-ಸ್ಯಾಂಡ್ ತಂದು ಬಾಂಡ್ಲೆಗೆ ಸುರಿದರು. ಆಮೇಲೆ ಏನೋ ಸಾಧಿಸಿದವರ ಹಾಗೆ ಬಂದು ಊಟಕ್ಕೆ ಕೂತರು.

ಬೆಳಿಗ್ಗೆ ಅತ್ತೆ ಬಾಂಡ್ಲೆ ನೋಡಿ ಕೂಗಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ. "ಅಯ್ಯೋ ನಿನ್ ಮನೆ ಕಾಯ್ವೋಗ! ಎಲ್ಲಾಕ್ದೋ ನನ್ ಮರಳ್ನ?" ಹಳೇ ಮರಳು ಅಂದರೆ ವರ್ಷಗಟ್ಟಲೆ ಕಾದೂ ಕಾದೂ ನುಣುಪಾಗಿದ್ದು. ಅದರಲ್ಲೇ ಅಕ್ಕಿ ಅರಳುವುದು. ಎಂ-ಸ್ಯಾಂಡ್ ಎಂದರೆ ಜಲ್ಲಿಯ ಪುಡಿ. ಅಕ್ಕಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಒಂದು ಹಿಡಿ ಹಾಕಿ ನೋಡಿದೆವು. ಅಕ್ಕಿ ಕೆಂಪಗೆ ಸೀದು ಕೂತಿತು, ಒಂದು ಕಾಳೂ ಅರಳಲಿಲ್ಲ. ಯಜಮಾನರು ಗೋಡೆಗೆ ಒರಗಿ ನಿಂತಿದ್ದರು, ಅವರ ಮುಖ ನೋಡಿ ಬೈಯಲೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಮೇಡಂ ಬಂದರು. ಹೇಳಿದ ಹೊತ್ತಿಗಿಂತ ಮುಂಚೆಯೇ ಬರುವುದು ಅವರ ಅಭ್ಯಾಸ. ಸಂಗತಿ ಕೇಳಿ ಒಂದು ಗಳಿಗೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತರು. ಇವತ್ತಿಗೆ ಈವಮ್ಮ ಅತ್ತೇ ಬಿಡುತ್ತಾರೆ ಅಂದುಕೊಂಡೆ ನಾನು. ಅವರು ಅಳಲಿಲ್ಲ. "ಹಳ್ಳಕ್ಕೆ ಹಾಕಿರೋದನ್ನ ತೆಗೆದು ಜರಡಿ ಹಿಡಿದ್ರೆ ಆಗುತ್ತೇನಜ್ಜಿ?" ಎಂದು ಅತ್ತೆಯನ್ನು ಕೇಳಿದರು. ಆಯ್ತದೆ ಎಂದರು ಅತ್ತೆ. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮೆಲ್ಲರ ಜೊತೆ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಒಬ್ಬರು ಬಾಚುವುದು, ಒಬ್ಬರು ಜರಡಿ ಹಿಡಿಯುವುದು, ಒಬ್ಬರು ಕಲ್ಲು ಆರಿಸುವುದು. ಕಮಿಟಿಯ ಜೀಪು ಬಂದು ನಿಂತಾಗ ನಾವು ಒಂಬತ್ತು ಜನ ಹೆಂಗಸರು ರಸ್ತೆಯ ಹಳ್ಳದ ಸುತ್ತ ಕೂತಿದ್ದೆವು, ಜೊತೆಗೆ ಸರ್ಕಾರದ ಮೇಡಂ!

ಜಿಲ್ಲೆಯಿಂದ ಬಂದಿದ್ದ ದೊಡ್ಡ ಸಾಹೇಬರು ಇಳಿದು, "ಏನಮ್ಮಾ ಇದು?" ಎಂದರು. ಮೇಡಂ ಎದ್ದು ನಿಂತರು. ಅವರ ಮಂಡಿಯ ತನಕ ಕರೀ ಮರಳು.

"ಸಾರ್, ಸುಳ್ಳು ಯಾಕ್ ಹೇಳ್ಲಿ. ನೀವ್ ಬರ್ತೀರಾಂತ ಕ್ಲೀನ್ ಮಾಡೋಕ್ ಹೋಗಿ ಭಟ್ಟೀನೇ ಕೆಡಿಸ್ಕೊಂಡಿದ್ದಾರೆ. ಸ್ವಲ್ಪ ಟೈಮ್ ಕೊಡಿ."

"ಇನ್ನೂ ಬೇರೆ ಕಡೆ ಹೋಗ್ಬೇಕು ಕಣಮ್ಮ. ಮುಂದಿನ ಸಲ ನೋಡೋಣ."

"ಮುಂದಿನ ಸಲಕ್ಕೆ ಇದು ಹಳ್ಳಿಯಾಗಿರಲ್ಲ ಸಾರ್."

ಸಾಹೇಬರು ಗಡಿಯಾರ ನೋಡಿಕೊಂಡರು. ಹಳೇ ಮರಳೇ ಯಾಕೆ ಬೇಕು ಎಂದು ಯಾರನ್ನೋ ಅಲ್ಲ, ನೇರ ನಮ್ಮತ್ತೆಯನ್ನೇ ಕೇಳಿದರು. ಅತ್ತೆ ಜರಡಿ ನಿಲ್ಲಿಸದೆ, "ವಸಾ ಕಾವಲೀಲಿ ದೋಸೆ ಏಳ್ತದಾ ಸ್ವಾಮಿ?" ಎಂದರು. ಸಾಹೇಬರಿಗೆ ನಗು ಬಂತು. ಕುರ್ಚಿ ಹಾಕಿಸಿಕೊಂಡು ಕೂತರು. ಆ ಕುರ್ಚಿಯ ಹಿಂದೆ ನಿಂತ ಮೇಡಂ ನಮಗೆ ಮಾತ್ರ ಕಾಣುವಂತೆ ಬೇಗ ಬೇಗ ಎಂದು ಕೈಯಾಡಿಸುತ್ತಿದ್ದರು...

ಮೊದಲ ಹಿಡಿ ಅರ್ಧ ಅರಳಿತು, ಅರ್ಧ ಹಾಗೇ. ಎರಡನೆಯದೂ ಅಷ್ಟೇ. ಸಾಹೇಬರ ಜೊತೆ ಬಂದಿದ್ದ ಬ್ಯಾಂಕಿನವರು ಫೈಲು ಮುಚ್ಚಿದರು. ಎಲ್ಲ ಮುಗಿಯಿತು ಅಂತಲೇ ನನಗನ್ನಿಸಿತು. ಅತ್ತೆ ಮಾತ್ರ ಯಾರ ಕಡೆಗೂ ನೋಡದೆ ಇನ್ನೊಂದಿಷ್ಟು ಹೊಟ್ಟು ಒಲೆಗೆ ತಳ್ಳಿ, ಮರಳನ್ನು ತಿರುವಿ ತಿರುವಿ ಕಾಯಿಸಿ, ಮೂರನೇ ಸಲ ಅಕ್ಕಿ ಸುರಿದರು. ಚಟಪಟ ಎಂದು ಬಾಂಡ್ಲೆ ತುಂಬ ಬೆಳ್ಳಗೆ ಎದ್ದಿತು ನೋಡಿ! ಹೆಂಗಸರು ಹೋ ಎಂದರು. ಸಾಹೇಬರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದರು. ಕರಕ್ ಎಂದಿತು. "ಮರಳಿದೆ. ಪುರಿ ಚೆನ್ನಾಗಿದೆ" ಎಂದು ಹೇಳಿ ಪೆನ್ನು ತೆಗೆದರು. ಜೀಪು ಹೋದ ಮೇಲೆ ಮೇಡಂ ಭಟ್ಟಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ.

ಮಷೀನು ಬಂತು. ಏಳು ಜನರಲ್ಲಿ ಒಬ್ಬರೂ ಕೆಲಸ ಬಿಡಬೇಕಾಗಲಿಲ್ಲ. ಅದಾಗಿ ಸ್ವಲ್ಪ ಕಾಲಕ್ಕೇ ಊರು ನಗರಕ್ಕೆ ಸೇರಿತು, ಪಂಚಾಯಿತಿ ಬೋರ್ಡು ಇಳಿಯಿತು. ನಾವು ಗೆದ್ದೆವು ಅಂತ ನಮ್ಮ ಪಾಡಿಗೆ ನಾವು ಬೀಗಿದೆವು.

ಆಮೇಲೊಂದು ಮಧ್ಯಾಹ್ನ ಮೇಡಂ ಬಂದರು. ಸ್ಕೂಟರ್ ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದರು. ಅವತ್ತು ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತರು, ಟೀ ಪೂರ್ತಿ ಕುಡಿದರು. ಪರವಾಗಿಲ್ಲವೇ, ನಮ್ಮ ಮೇಡಂಗೂ ಆರಾಮ ಬಂತು ಅಂದುಕೊಂಡೆ. ಮಷೀನಿನ ಮುಂದೆ ಓಡಾಡುತ್ತಿದ್ದ ಹೆಂಗಸರನ್ನು ತುಂಬ ಹೊತ್ತು ನೋಡಿ, "ನಿಮ್ಮಲ್ಲಿ ನನಗೇನಾದ್ರೂ ಕೆಲಸ ಇದ್ಯೇನ್ರೀ?" ಎಂದರು.

ಎಲ್ಲರೂ ಗೊಳ್ಳೆಂದು ನಕ್ಕೆವು. "ಬಾ ತಾಯಿ, ಮಿಸೀನ್ ಮುಂದೆ ನಿಲ್ಲುಸ್ತೀನಿ, ಒಂದೇ ದಿನಕ್ಕೆ ಓಡೋಯ್ತೀಯ" ಎಂದರು ಅತ್ತೆ. ಮೇಡಂ ಕೂಡ ನಕ್ಕರು. ಹೋಗಿ ಬರ್ತೀನಿ ಎಂದು ಎದ್ದರು. ನಾನು ಒಂದು ಚೀಲ ಪುರಿ ಕಟ್ಟಿಕೊಟ್ಟೆ, ಅದನ್ನು ಎದೆಗೆ ಅವಚಿಕೊಂಡು ಬಸ್‌ಸ್ಟಾಪಿನ ಕಡೆಗೆ ನಡೆದರು...

ಎಷ್ಟೋ ತಿಂಗಳಾದ ಮೇಲೆ ಖೋವಾದವರ ಮನೆಯ ಮದುವೆಯಲ್ಲಿ ವಿಷಯ ಗೊತ್ತಾಯಿತು. ಮೇಡಂ ಸರ್ಕಾರದ ಕಾಯಂ ನೌಕರರೇ ಅಲ್ಲವಂತೆ, ಗುತ್ತಿಗೆಯ ಮೇಲೆ ಇದ್ದವರಂತೆ. ಅವರು ನೋಡಿಕೊಳ್ಳುತ್ತಿದ್ದ ಊರುಗಳೆಲ್ಲ ನಗರವಾದ ಮೇಲೆ ಅಲ್ಲಿ ಹಳ್ಳಿಗಳ ಕೆಲಸವೇ ಉಳಿಯಲಿಲ್ಲ, ಗುತ್ತಿಗೆಯನ್ನು ಮುಂದುವರಿಸಲಿಲ್ಲ. ನಮ್ಮೂರು ಸಿಟಿಯಾದರೆ ತನ್ನ ಅನ್ನವೂ ಹೋಗುತ್ತದೆಂದು ಅವರಿಗೆ ಮೊದಲಿನಿಂದ ಗೊತ್ತಿತ್ತಂತೆ. ಆ ಫೋನು, ಆ ಅವಸರ, ಅದೆಲ್ಲ ನಮ್ಮ ಭಟ್ಟಿಗಾಗಿ. ಮದುವೆ ಮನೆಯಿಂದಲೇ ಅವರ ನಂಬರಿಗೆ ಫೋನ್ ಮಾಡಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಎಲ್ಲಿದ್ದಾರೆ, ಹೇಗಿದ್ದಾರೆ, ಯಾರಿಗೂ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

ಅವರು ಬಂದುಹೋದ ಆ ಮಧ್ಯಾಹ್ನಕ್ಕೆ ಮೊದಲೇ ನಾನೂ ಯಜಮಾನರೂ ಮಾತಾಡಿಕೊಂಡಿದ್ದೆವು. ಆರ್ಡರು ಹೆಚ್ಚಾಗಿದೆ, ಫೋನು, ಬಿಲ್ಲು ಎಲ್ಲ ನಮ್ಮಿಬ್ಬರ ಕೈಲಿ ಆಗುತ್ತಿಲ್ಲ, ಓದು ಬರಹ ಬಲ್ಲವರು ಯಾರಾದರೂ ಸಿಕ್ಕರೆ ಇಟ್ಟುಕೊಳ್ಳಬೇಕು ಅಂತ. ಯಲಹಂಕದ ಅಂಗಡಿಯವರಿಗೆಲ್ಲ ಹೇಳಿಯೂ ಇದ್ದೆವು. ಕೊನೆಗೆ ಪುಟ್ಟೇನಹಳ್ಳಿಯ ಕಡೆಯವರೊಬ್ಬರು ಬಂದು ಸೇರಿಕೊಂಡರು, ಈಗಲೂ ಇದ್ದಾರೆ, ಕೆಲಸ ಚೆನ್ನಾಗಿ ಮಾಡುತ್ತಾರೆ. ಆದರೆ ಮೇಡಂ ಬಾಯಿಬಿಟ್ಟು ಕೇಳಿದ ದಿನ ಆ ಜಾಗ ಖಾಲಿಯಿತ್ತು. ನಮ್ಮಲ್ಲಿ ಕೆಲಸ ಇತ್ತು.