ರಾಜೀನಾಮೆಯ ಮಂತ್ರಿ

ಎರಡನೇ ಮಹಾಯುದ್ಧಕ್ಕೆ ಮುಂಚೆ, ಹೇಗ್ ನಗರದಲ್ಲಿದ್ದ ಡಚ್ಚರ ಸಮ್ಮಿಶ್ರ ಸರಕಾರದಲ್ಲಿ ಕ್ಯಾಥೊಲಿಕ್ ಮಂತ್ರಿ ಕೆಸೆಲ್ಸ್ ರಾಜೀನಾಮೆ ಕೊಡದ ವಾರವೇ ಇರಲಿಲ್ಲ. ಬೆಣ್ಣೆಯ ಬೆಲೆಯಂಥ ಸಣ್ಣ ಮಾತಿಗೂ ಅವನು ಟೋಪಿ ಎತ್ತಿಕೊಂಡು, "ನಾ ಹೊರಟೆ, ನೀವೇ ಆಳ್ಕೊಳ್ಳಿ!" ಎಂದು ಗುಡುಗುತ್ತಿದ್ದ. ಸಭೆಯ ಚಹಾದ ಜೊತೆ ತಲೆಗೊಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಿದ್ದ ಸಹಮಂತ್ರಿ, ಪ್ರೊಟೆಸ್ಟೆಂಟ್ ಗೆಳೆಯ ಹಿಡ್ಡಿಂಗ, "ಹೋಗಯ್ಯ, ನಿನ್ನ ಪಾಲಿನ ಬಿಸ್ಕತ್ತೂ ನಾನೇ ತಿಂತೀನಿ" ಎಂದರೆ ಸಾಕು, ಬಾಗಿಲವರೆಗೆ ಹೋದವನು ಮರಳಿ ಬಂದು ಕೂರುತ್ತಿದ್ದ. ಜರ್ಮನಿಯಿಂದ ಓಡಿಬಂದ ಯಹೂದಿ ಮಕ್ಕಳ ರೈಲು ಗಡಿಯಲ್ಲಿ ನಿಂತ ದಿನ ಮಾತ್ರ ಅವನು ಟೋಪಿ ಮುಟ್ಟಲಿಲ್ಲ. "ಅವರನ್ನ ವಾಪಸ್ ಕಳಿಸಿದ್ರೆ ಈ ಸರಕಾರದಲ್ಲಿ ನಾವ್ಯಾರೂ ಇರೋದಿಲ್ಲ" ಎಂದು ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದ್ದಕ್ಕೇ ಎಲ್ಲರೂ ನಂಬಿದರು. ಮಕ್ಕಳು ಒಳಬಂದರು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಕೆಸೆಲ್ಸ್ ತೀರಿಕೊಂಡ. ಸತ್ತವರಿಗಾಗಿ ಬತ್ತಿ ಹಚ್ಚಿ ಪ್ರಾರ್ಥಿಸುವುದು ಹಿಡ್ಡಿಂಗನ ಪ್ರೊಟೆಸ್ಟೆಂಟ್ ಪಂಥದಲ್ಲಿಲ್ಲ. ಆದರೂ ಅವನು ಗೆಳೆಯನ ಚರ್ಚಿಗೆ ಹೋಗಿ, ಅಭ್ಯಾಸವಿಲ್ಲದ ಕೈಯಿಂದ ಮೇಣದ ಬತ್ತಿ ಹಚ್ಚಿದ: "ಅವತ್ತು ನಮ್ಮೆಲ್ಲರ ಮಾನ ಉಳಿಸಿದೆ ಕಣಯ್ಯ."